ಇಗರ್ಜಿ ಹಿಂದಿನ ನರ್ಸರಿ: ಮೂರು ವರ್ಷದ ಮಗು ಅಲ್ಲಿ ಕಲಿಯುವುದಾದರೂ ಎಂತ?

ಮಂಗಳೂರು: ಮಳೆ ಹಿಡಿಯುವುದಕ್ಕೂ ಶಾಲೆಯ ಬಾಗಿಲು ತೆರೆಯುವುದಕ್ಕೂ ಈ ಊರಿನಲ್ಲಿ ಏನೋ ಒಂದು ಗುಟ್ಟಿನ ಒಪ್ಪಂದ ಉಂಟು. ಎರಡೂ ಒಟ್ಟೊಟ್ಟಿಗೇ ಬರುತ್ತವೆ. ಆ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೆಂದೂರು, ಜೆಪ್ಪು, ಕುಲಶೇಖರ, ಬಿಜೈ ಕಡೆ ಬಸ್ಸಿನಲ್ಲಿ ಹೋಗುವವರಿಗೆ ಒಂದು ನೋಟ ತಪ್ಪುವುದಿಲ್ಲ. ಕಾನ್ವೆಂಟಿನ ಗೇಟು. ಗೇಟಿನ ಮುಂದೆ ಸ್ಕೂಟರುಗಳ, ಆಟೋಗಳ ಸಂತೆ. ಕೊಡೆ ಹಿಡಿದ ಅಮ್ಮಂದಿರು. ಅವರ ಸೆರಗನ್ನೋ ಚೂಡಿದಾರದ ದುಪಟ್ಟಾವನ್ನೋ ಎರಡೂ ಕೈಯಲ್ಲಿ ಜಗ್ಗಿ ಹಿಡಿದು ಆಕಾಶ ಬಿರಿಯುವ ಹಾಗೆ ಅಳುವ ಮೂರು ವರ್ಷದ ಪೋರರು!

ಬಸ್ಸಿನ ಕಿಟಕಿಯಲ್ಲಿ ಕೂತವರು ಅಯ್ಯೋ ಪಾಪ ಎನ್ನುತ್ತಾರೆ. ಕಂಡಕ್ಟರು "ರೈಟ್ ಪೋಯಿ" ಅನ್ನುತ್ತಾನೆ. ಬಸ್ಸು ಮುಂದೆ ಹೋಗುತ್ತದೆ. ಗೇಟಿನ ಒಳಗೆ ಆಮೇಲೆ ಏನಾಗುತ್ತದೆ ಎಂಬುದು ಮಾತ್ರ ಯಾರಿಗೂ ಕಾಣುವುದಿಲ್ಲ.

ಕಾಣಬೇಕಾದದ್ದು ಅದೇ. ಮೂರು ತುಂಬಿದ ಮಗು ಅಮ್ಮ ಬಿಟ್ಟು ಹೋದ ಹತ್ತು ನಿಮಿಷದೊಳಗೆ ಸಮಾಧಾನ ಆಗಬೇಕು — ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಮಕ್ಕಳ ಬೆಳವಣಿಗೆಗೆ ಮಾಡಿಟ್ಟ ಪಟ್ಟಿಯಲ್ಲಿ ಈ ವಯಸ್ಸಿಗೆ ಬರೆದಿರುವ ಒಂದು ಗುರುತು ಇದು. ಎ ಬಿ ಸಿ ಡಿ ಹೇಳಬೇಕು ಎಂದು ಆ ಪಟ್ಟಿಯಲ್ಲಿ ಇಲ್ಲ. ಗೇಟು ದಾಟಿದ ಮಗುವನ್ನು ಎತ್ತಿಕೊಳ್ಳುವ ಆಯಾ, ಹೆಸರು ಹಿಡಿದು ಕರೆಯುವ ಸಿಸ್ಟರ್, ಒಂದು ಬುಟ್ಟಿ ಮರದ ತುಂಡುಗಳು — ಆ ಹತ್ತು ನಿಮಿಷ ಇವರ ಕೈಯಲ್ಲಿ ಉಂಟು. ಅಷ್ಟು ಹೊತ್ತು ಸಾಗಿಸಿದರೆ ಅರ್ಧ ಪಾಠ ಮುಗಿದ ಹಾಗೆ. ಅಮ್ಮ ಹೋಗುತ್ತಾಳೆ, ಮತ್ತೆ ಬರುತ್ತಾಳೆ ಎಂಬುದೇ ಮೂರರ ಮಗು ಕಲಿಯುವ ಮೊದಲ ದೊಡ್ಡ ಪಾಠ. ಇದಕ್ಕೆ ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ. ಮೊದಲ ವಾರ ಹೇಳದೆ ಕೇಳದೆ ಹಿಂದಿನಿಂದ ಜಾರಿಕೊಳ್ಳುವ ಅಪ್ಪಂದಿರು ಈ ಪಾಠವನ್ನು ಕೆಡಿಸುತ್ತಾರೆ. "ಹೋಗಿ ಬರ್ತೇನೆ, ಟಿಫಿನ್ ಆದ ಮೇಲೆ ಬರ್ತೇನೆ" ಅಂತ ಮುಖಕ್ಕೆ ಹೇಳಿ ಹೋಗಬೇಕು. ಅತ್ತರೆ ಅಳಲಿ.

ಒಳಗೆ ನಡೆಯುವ ವ್ಯಾಪಾರ

ಒಳ್ಳೆಯ ನರ್ಸರಿ ಹೊಕ್ಕು ನೋಡಿದರೆ ಅಂಗಡಿಯವರಿಗೆ ತಮ್ಮ ಕಸುಬೇ ನೆನಪಾಗಬೇಕು. ಒಂದು ಮೂಲೆಯಲ್ಲಿ ಹುರುಳಿ, ಹೆಸರು, ಕಡಲೆ ಬೆರೆಸಿದ ತಟ್ಟೆ. ಮಗು ಅದನ್ನು ಬೇರೆ ಬೇರೆ ಬಟ್ಟಲಿಗೆ ಹಾಕುತ್ತದೆ. ದಿನಸಿ ಅಂಗಡಿಯ ಹುಡುಗ ಮಾಡುವ ಕೆಲಸವೇ. ಇನ್ನೊಂದು ಕಡೆ ಒಂದು ಹೂಜಿಯಿಂದ ಇನ್ನೊಂದಕ್ಕೆ ನೀರು ಹೊಯ್ಯುವ ಆಟ. ಅರ್ಧ ನೀರು ಚೆಲ್ಲುತ್ತದೆ. ಚೆಲ್ಲಲಿ! ಪಕ್ಕದಲ್ಲೇ ಒರೆಸುವ ಬಟ್ಟೆ ಮಡಚಿ ಇಟ್ಟಿರುತ್ತಾರೆ. ಚೆಲ್ಲಿದವನೇ ಒರೆಸಬೇಕು. ಅಂಗಿಯ ಗುಂಡಿ ಹಾಕುವುದು, ಚಪ್ಪಲಿ ಸಾಲಾಗಿ ಇಡುವುದು, ಸಣ್ಣ ಹಿಡಿಸೂಡಿಯಲ್ಲಿ ಗುಡಿಸುವುದು — ಎಲ್ಲವೂ ಉಂಟು.

ನೋಡಿದವರು "ಇದೆಂತ ಮಾರಾಯ್ರೇ, ಫೀಸು ಕೊಟ್ಟು ಗುಡಿಸುವುದಕ್ಕೆ ಕಳಿಸುವುದಾ?" ಅನ್ನಬಹುದು. ಕೇಳುವ ಮಾತೇ. ಉತ್ತರವೂ ಉಂಟು.

ಹುರುಳಿ ಬೇರೆ, ಹೆಸರು ಬೇರೆ ಎಂದು ವಿಂಗಡಿಸುವುದೇ ಲೆಕ್ಕದ ಬೇರು. ಒಂದೇ ತರದ್ದು ಯಾವುದು, ಹೆಚ್ಚು ಯಾವುದು, ಕಡಿಮೆ ಯಾವುದು ಎಂಬುದು ಗೊತ್ತಾಗದೆ ನೂರರವರೆಗೆ ಬಾಯಿಪಾಠ ಹೇಳಿದರೆ ಅದು ಲೆಕ್ಕವಲ್ಲ, ಹಾಡು. ನೀರು ಹೊಯ್ಯುವಾಗ ಮಣಿಕಟ್ಟು ಹದವಾಗಿ ತಿರುಗಬೇಕು, ಕಣ್ಣು ಕೈ ಒಟ್ಟಿಗೆ ಕೆಲಸ ಮಾಡಬೇಕು. ಮುಂದೆ ಪೆನ್ಸಿಲು ಹಿಡಿಯುವ ಕೈ ತಯಾರಾಗುವುದು ಹೀಗೆ. ಗುಂಡಿ ಹಾಕುವ ಎರಡು ಬೆರಳು, ಹೆಬ್ಬೆರಳು ಮತ್ತು ತೋರುಬೆರಳು, ಬರೆಯುವ ಬೆರಳುಗಳೇ. ಹಾಡು ಹೇಳಿ ಚಪ್ಪಾಳೆ ತಟ್ಟಿದರೆ ಮಾತಿನೊಳಗಿನ ತುಂಡು ತುಂಡು ಸದ್ದು ಕಿವಿಗೆ ಬೀಳುತ್ತದೆ. ಮುಂದೆ ಅಕ್ಷರ ಕೂಡಿಸಿ ಓದುವುದಕ್ಕೆ ಈ ಕಿವಿಯೇ ಆಧಾರ.

ಮೂರು ವರ್ಷದ ಮಗುವಿನ ಅಳತೆ ಗೊತ್ತಿದ್ದರೆ ಒಳ್ಳೆಯದು. ಗುಂಡಗೆ ಒಂದು ಸುತ್ತು ಬಿಡಿಸಿ ತೋರಿಸಿದರೆ ಅದೂ ಬಿಡಿಸುತ್ತದೆ. ಚೌಕ ಬರುವುದು ನಾಲ್ಕರ ಆಸುಪಾಸು. ತ್ರಿಕೋನ ಇನ್ನೂ ತಡ, ಐದರ ಹೊತ್ತಿಗೆ. ಎ ಎಂಬ ಇಂಗ್ಲಿಷ್ ಅಕ್ಷರದಲ್ಲಿ ಇರುವುದೇ ಮೂರು ಓರೆ ಅಡ್ಡ ಗೆರೆ! ಕನ್ನಡದ "ಅ" ದುಂಡಗಿದೆ, ಆದರೆ ಸುತ್ತಿನೊಳಗೆ ಸುತ್ತು. ಇನ್ನು ಮೂಳೆಯ ವಿಚಾರ. ದೊಡ್ಡವರ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಮೂರು ವರ್ಷದ ಮಗುವಿನ ಕೈಯ ಎಕ್ಸ್‌ರೇ ತೆಗೆದರೆ ಸುಮಾರು ಮೂರು ಮಾತ್ರ ಕಾಣುತ್ತವೆ. ಉಳಿದವು ಇನ್ನೂ ಮೆದು ಎಲುಬು. ಎಂಟೂ ಕಾಣಿಸಿಕೊಳ್ಳುವಾಗ ಹತ್ತರ ಹತ್ತಿರ ಆಗುತ್ತದೆ. ಇಂಥ ಕೈಗೆ ನಾಲ್ಕು ಗೆರೆ ಕಾಪಿ ಕೊಟ್ಟು ಹತ್ತು ಸಲ ಬರಿ ಅಂದರೆ ಅದು ಹೇಗೆ ಬರೆದೀತು?

"ಹೋಮ್‌ವರ್ಕ್ ಇಲ್ವಾ?"

ಜಗಳ ಇರುವುದು ಇಲ್ಲಿ. ಮಧ್ಯಾಹ್ನ ಹನ್ನೆರಡೂವರೆಗೆ ಗೇಟಿನ ಬಳಿ ಮಗುವನ್ನು ಎತ್ತಿಕೊಂಡ ಅಪ್ಪ ಕೇಳುವ ಮೊದಲ ಪ್ರಶ್ನೆ "ಇವತ್ತು ಎಂತ ಬರೆಸಿದ್ರು?" ಮಗು ಹೇಳುತ್ತದೆ, ನೀರು ಹೊಯ್ದೆ. ಅಪ್ಪನ ಮುಖ ಸಣ್ಣದಾಗುತ್ತದೆ. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗಿ ಇನ್ನೊಂದು ಶಾಲೆಯಲ್ಲಿ ಐವತ್ತರವರೆಗೆ ಬರೆಯುತ್ತಾಳಂತೆ. ಅವಳ ಚೀಲದಲ್ಲಿ ನಾಲ್ಕು ಪುಸ್ತಕ ಉಂಟಂತೆ. ಸಂಜೆ ಅಂಗಡಿ ಗಲ್ಲಾದಲ್ಲಿ ಕೂತವರು ಇದೇ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ. ಮಾರ್ಚ್ ಬರುವಾಗ ಇಬ್ಬರು ಮೂವರು ಟಿ.ಸಿ. ಕೇಳುತ್ತಾರೆ.

ಆಡಿಸುವ ನರ್ಸರಿ ಮಕ್ಕಳನ್ನು ಕಳೆದುಕೊಳ್ಳುತ್ತದೆ, ಬರೆಸುವ ನರ್ಸರಿ ತುಂಬುತ್ತದೆ. ಮಕ್ಕಳು ಕಡಿಮೆಯಾದರೆ ಟೀಚರ ಸಂಬಳಕ್ಕೆ ಕಲ್ಲು. ಆದ್ದರಿಂದ ಹಲವು ಕಡೆ ಸಿಸ್ಟರ್‌ಗಳೇ ರಾಜಿ ಮಾಡಿಕೊಂಡಿದ್ದಾರೆ: ಬೆಳಿಗ್ಗೆ ಆಟ, ಹೋಗುವ ಮುಂಚೆ ಅರ್ಧ ಗಂಟೆ ಕಾಪಿ. ತಾಯ್ತಂದೆಯರ ಸಮಾಧಾನಕ್ಕೆ ಮಗುವಿನ ಕೈ ಹಿಡಿದು ಬರೆಸಿದ ಪುಟ. ಅದು ಯಾರ ಅಕ್ಷರ ಎಂದು ಟೀಚರಿಗೂ ಗೊತ್ತು, ಮನೆಯವರಿಗೂ ಗೊತ್ತು. ಆದರೂ ಫೋಟೋ ತೆಗೆದು ಮೊಬೈಲಿನಲ್ಲಿ ಅತ್ತೆ ಮಾವನಿಗೆ ಕಳಿಸುವುದು ನಿಲ್ಲುವುದಿಲ್ಲ.

ಸರಕಾರದ ಕಾಗದ ಏನು ಹೇಳುತ್ತದೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರನೇ ವರ್ಷದಿಂದ ಎಂಟನೇ ವರ್ಷದವರೆಗಿನದನ್ನು ಒಂದೇ ಬುನಾದಿ ಹಂತ ಎಂದಿತು. ಅದಕ್ಕಾಗಿ 2022ರ ಅಕ್ಟೋಬರಿನಲ್ಲಿ ಬಂದ ಪಠ್ಯಕ್ರಮ ಚೌಕಟ್ಟು ಆಟವನ್ನೇ ಮುಂದೆ ಇಟ್ಟಿತು. ಆರು ವರ್ಷದವರೆಗೆ ಪಠ್ಯಪುಸ್ತಕ ಬೇಡ, ಮಗುವಿನ ಮನೆಮಾತಿನಲ್ಲಿ ಕಲಿಸಿ ಎಂದಿತು. ಕಾಗದದ ಮಾತು ಕಾಗದದಲ್ಲೇ ಉಂಟು. ಸ್ಟೇಷನರಿ ಅಂಗಡಿಯಲ್ಲಿ "ನರ್ಸರಿ ಸೆಟ್" ಎಂದು ಕಟ್ಟಿಟ್ಟ ಪುಸ್ತಕದ ಕಟ್ಟು ಮಾತ್ರ ಮೇ ತಿಂಗಳಲ್ಲಿ ಚೆನ್ನಾಗಿ ಹೋಗುತ್ತದೆ. ಅಂಗಡಿಯವರನ್ನು ದೂರಿ ಫಲವಿಲ್ಲ. ಕೇಳುವವರು ಇದ್ದರೆ ಮಾರುವವರೂ ಇರುತ್ತಾರೆ.

ಈ ಹಟ ಹೊಸತೂ ಅಲ್ಲ. 1907ರ ಜನವರಿ 6ರಂದು, ಇಲ್ಲಿಯ ಕ್ರೈಸ್ತರು ಮೂರು ರಾಯರ ಹಬ್ಬ ಎನ್ನುವ ದಿನವೇ, ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಡಾಕ್ಟರಮ್ಮ ಮರಿಯಾ ಮಾಂಟೆಸರಿ ತಮ್ಮ ಮೊದಲ ಮಕ್ಕಳ ಮನೆ ತೆರೆದರು. ಕಟ್ಟಡದ ಮಾಲೀಕರ ಲೆಕ್ಕ ಬೇರೆಯೇ ಇತ್ತು: ಅಪ್ಪ ಅಮ್ಮ ಕೂಲಿಗೆ ಹೋದಾಗ ಮಕ್ಕಳು ಗೋಡೆ, ಮೆಟ್ಟಿಲು ಹಾಳು ಮಾಡಬಾರದು, ಅಷ್ಟೇ! ಮಾಂಟೆಸರಿಗೂ ಮೊದಲು ಅಷ್ಟು ಸಣ್ಣ ಮಕ್ಕಳಿಗೆ ಅಕ್ಷರ ಕಲಿಸುವ ಯೋಚನೆ ಇರಲಿಲ್ಲ. ಬೆನ್ನು ಬಿದ್ದವರು ತಾಯಂದಿರು. ತಮಗೆ ಓದಲು ಬರೆಯಲು ಬಾರದು, ನಮ್ಮ ಮಕ್ಕಳಿಗಾದರೂ ಕಲಿಸಿ ಎಂದು ಬಂದು ಕೇಳಿದರು. ಆಗ ಅವರು ಮಾಡಿದ್ದೇನು? ಪೆನ್ಸಿಲು ಕೊಡಲಿಲ್ಲ. ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿ, ಬೆರಳಿನಿಂದ ಸವರು ಎಂದರು. ಬೆರಳಿಗೆ ದಾರಿ ಗೊತ್ತಾದ ಮೇಲೆ ಮಕ್ಕಳು ತಾವಾಗಿಯೇ ಸೀಮೆಸುಣ್ಣ ಹಿಡಿದರು. ಈ ಊರಿನ ನರ್ಸರಿಗಳಲ್ಲಿ ಮರಳಿನ ತಟ್ಟೆಯಲ್ಲಿ ಬೆರಳಾಡಿಸಿ ಅಕ್ಷರ ಬರೆಸುವುದೂ ಅದೇ ಜಾತಿಯ ಉಪಾಯ. ಅಕ್ಕಿಯ ಮೇಲೆ ಅಕ್ಷರಾಭ್ಯಾಸ ಮಾಡಿಸುವ ಊರಿಗೆ ಇದನ್ನು ಪರದೇಶದವರು ಹೇಳಿಕೊಡಬೇಕಾಗಿಯೂ ಇರಲಿಲ್ಲ ಎನ್ನಿ.

ಮಾಂಟೆಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಪಾಠ ಹೇಳಲು ಬಂದರು. ಅಷ್ಟರಲ್ಲಿ ಮಹಾಯುದ್ಧ. ಇಟಲಿಯವರು ಶತ್ರು ದೇಶದವರಾದರು. ಕೆಲವು ತಿಂಗಳಿಗೆಂದು ಬಂದವರು 1946ರವರೆಗೆ ಇಲ್ಲೇ ಉಳಿದು ದೇಶದ ನೂರಾರು ಟೀಚರುಗಳನ್ನು ತಯಾರು ಮಾಡಿದರು.

ಪಾದ್ರಿಗಳಿಂದ ನರ್ಸರಿಯವರೆಗೆ

ಮೂರು ವರ್ಷದ ಮಗುವಿಗೂ ಒಂದು ಶಾಲೆ ಬೇಕು ಎಂಬ ಯೋಚನೆಯ ಹಿಂದೆ ಇಗರ್ಜಿಯ ನೆರಳು ಮೊದಲಿಂದಲೂ ಉಂಟು. ಫ್ರಾನ್ಸಿನ ಗುಡ್ಡಗಾಡಿನ ಪಾದ್ರಿ ಓಬರ್ಲಿನ್ 1770ರ ಸುಮಾರಿಗೆ ತನ್ನ ಊರಿನ ಎಳೆ ಮಕ್ಕಳನ್ನು ಕೂರಿಸಿ ಹೆಣಿಗೆ, ಹಾಡು, ಗಿಡಗಳ ಹೆಸರು ಹೇಳಿಕೊಡಿಸಿದ. ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು 1840ರಲ್ಲಿ ಹೆಸರಿಟ್ಟ ಜರ್ಮನಿಯ ಫ್ರೋಬೆಲ್ ಪಾದ್ರಿಯ ಮಗ. ತಮಾಷೆ ನೋಡಿ, 1851ರಲ್ಲಿ ಪ್ರಷ್ಯಾ ಸರಕಾರ ಈ ತೋಟಗಳಿಗೇ ಬೀಗ ಹಾಕಿಸಿತು. ಕಾರಣ? ಅವು ಮಕ್ಕಳನ್ನು ನಾಸ್ತಿಕರನ್ನಾಗಿ ಮಾಡುತ್ತವಂತೆ!

ಮಂಗಳೂರಿಗೆ ಬಾಸೆಲ್ ಮಿಶನಿನವರು ಬಂದದ್ದು 1834ರಲ್ಲಿ. ಶಾಲೆ, ಅಚ್ಚುಕೂಟ, 1865ರಲ್ಲಿ ಹೆಂಚಿನ ಕಾರ್ಖಾನೆ ಎಲ್ಲ ಅವರ ಕೈಯಿಂದ ಆದದ್ದು ಊರಿಗೆ ಗೊತ್ತು. 1870ರಲ್ಲಿ ಫ್ರಾನ್ಸಿನಿಂದ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರು ಬಂದಿಳಿದರು. ಹೆಣ್ಣುಮಕ್ಕಳ ಶಿಕ್ಷಣಕ್ಕೆ ಇಲ್ಲಿ ದೊಡ್ಡ ಬಾಗಿಲು ತೆರೆದದ್ದು ಆಮೇಲೆ. ದೊಡ್ಡ ಮಕ್ಕಳ ಶಾಲೆಯ ಬಾಲಕ್ಕೆ ಸಣ್ಣ ಮಕ್ಕಳ ಕೋಣೆ ಸೇರಿಕೊಂಡಿತು. ಅಕ್ಕನನ್ನು ಬಿಡಲು ಬಂದ ತಾಯಿಯ ಸೊಂಟದ ಮೇಲಿದ್ದ ತಮ್ಮ ಅಲ್ಲೇ ಉಳಿದ. ಈಗ ಅಂಥ ಕೋಣೆಗಳಲ್ಲಿ ಕೂತ ಮಕ್ಕಳಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತರ ಮಕ್ಕಳೂ ಉಂಟು, ತುಳು ಮಾತಾಡುವವರು, ಬ್ಯಾರಿ ಮಾತಾಡುವವರು, ಘಟ್ಟದ ಮೇಲಿನಿಂದ ಕೆಲಸಕ್ಕೆ ಬಂದವರ ಕನ್ನಡದ ಮಕ್ಕಳೂ ಉಂಟು.

ಇಷ್ಟು ಭಾಷೆ ಒಂದೇ ಕೋಣೆಯಲ್ಲಿ! ಮೂರರ ಮಗುವಿಗೆ ಮೂರು ನಾಲ್ಕು ಪದದ ವಾಕ್ಯ ಬಂದಿರುತ್ತದೆ. ಹೊರಗಿನವರಿಗೂ ಹೆಚ್ಚಿನ ಮಾತು ಅರ್ಥವಾಗುವಷ್ಟು ನಾಲಗೆ ತಿರುಗುತ್ತದೆ, ಆದರೆ ತನ್ನ ಭಾಷೆಯಲ್ಲಿ. "ನೀರ್ ಬೋಡು" ಎಂದ ಮಗುವಿಗೆ "ಸೇ ವಾಟರ್ ಪ್ಲೀಸ್" ಎಂದು ನಿಲ್ಲಿಸಿದರೆ ಅದು ಬಾಯಾರಿಕೊಂಡೇ ಕೂರುತ್ತದೆ. ಅನುಭವ ಇರುವ ಟೀಚರು ಮೊದಲು ನೀರು ಕೊಡುತ್ತಾರೆ, ಆಮೇಲೆ ಅದಕ್ಕೆ ಇಂಗ್ಲಿಷಿನಲ್ಲಿ ಹೀಗೆ ಹೇಳುತ್ತಾರೆ ಎನ್ನುತ್ತಾರೆ. ಈ ಊರಿನ ಆಯಾಗಳಿಗೆ ನಾಲ್ಕು ಭಾಷೆ ಬರುತ್ತದೆ ಎಂಬುದೇ ಈ ನರ್ಸರಿಗಳ ದೊಡ್ಡ ಆಸ್ತಿ. ಅದನ್ನು ಯಾವ ಜಾಹೀರಾತಿನಲ್ಲೂ ಹಾಕುವುದಿಲ್ಲ. "ನಮ್ಮಲ್ಲಿ ಇಂಗ್ಲಿಷ್ ಮಾತ್ರ" ಎಂದು ಬೋರ್ಡು ಬರೆಸಿದ ಶಾಲೆಗೆ ಸಾಲು ನಿಲ್ಲುವವರು ಒಂದು ಮಾತು ಯೋಚಿಸಬೇಕು: ಹೊಟ್ಟೆನೋವು, ಹೆದರಿಕೆ, ಯಾರೋ ಹೊಡೆದದ್ದು — ಇದನ್ನೆಲ್ಲ ಮಗು ಯಾವ ಭಾಷೆಯಲ್ಲಿ ಹೇಳಬೇಕು?

ದೇವರ ಪಾಠ

ಕ್ರೈಸ್ತ ನರ್ಸರಿ ಎಂದ ಮೇಲೆ ದೇವರ ಮಾತು ಬಂದೇ ಬರುತ್ತದೆ. ಇದರಲ್ಲಿ ಮುಚ್ಚುಮರೆ ಇಲ್ಲ. ಬೆಳಿಗ್ಗೆ ಕೈಮುಗಿದು ಒಂದು ಹಾಡು, ಟಿಫಿನ್ ಡಬ್ಬಿ ತೆರೆಯುವ ಮುಂಚೆ ಕಣ್ಣು ಮುಚ್ಚಿ ಅನ್ನ ಕೊಟ್ಟ ದೇವರಿಗೆ ವಂದನೆ. ಕಣ್ಣು ಮುಚ್ಚುವುದು ಹೆಸರಿಗೆ ಮಾತ್ರ. ಒಂದು ಕಣ್ಣು ಪಕ್ಕದವನ ಡಬ್ಬಿಯ ನೀರುದೋಸೆಯ ಮೇಲೆ ಇರುತ್ತದೆ.

ಇಷ್ಟರಲ್ಲಿ ಬೆಳವಣಿಗೆ ಎಲ್ಲಿ ಬಂತು ಎಂದರೆ, ತಡೆದುಕೊಳ್ಳುವುದರಲ್ಲಿ. ಹಸಿದ ಮಗು ಎದುರಿಗೆ ತಿಂಡಿ ಇಟ್ಟುಕೊಂಡು ಅರ್ಧ ನಿಮಿಷ ಕಾಯುತ್ತದೆ. ಇಪ್ಪತ್ತು ಮಕ್ಕಳು ಕಾಯುತ್ತಾರೆ. ದಿನಾ ಅದೇ ಹೊತ್ತು, ಅದೇ ಹಾಡು, ಅದೇ ಕ್ರಮ. ಗಡಿಯಾರ ನೋಡಲು ಬಾರದ ವಯಸ್ಸಿಗೆ ಈ ಕ್ರಮವೇ ಗಡಿಯಾರ. ಪ್ರಾರ್ಥನೆ ಆದರೆ ತಿಂಡಿ, ತಿಂಡಿ ಆದರೆ ಆಟ, ಆಟ ಆದರೆ ಅಮ್ಮ.

ಕಥೆ ಯಾವುದು ಹೇಳಬೇಕು ಎಂಬುದು ನಾಜೂಕಿನ ವಿಚಾರ. 1954ರಲ್ಲಿ ರೋಮ್ ನಗರದಲ್ಲಿ ಸೋಫಿಯಾ ಕವಲ್ಲೆತ್ತಿ ಎಂಬ ಬೈಬಲ್ ಪಂಡಿತೆ, ಮಾಂಟೆಸರಿ ದಾರಿಯ ಟೀಚರ್ ಜಿಯಾನ್ನಾ ಗೊಬ್ಬಿಯ ಜೊತೆ ಸೇರಿ ಮೂರು ವರ್ಷದಿಂದಲೇ ದೇವರ ಪಾಠ ಹೇಳುವ ಒಂದು ಕ್ರಮ ಕಟ್ಟಿದರು. ಅವರು ಸಣ್ಣ ಮಕ್ಕಳಿಗೆ ಆರಿಸಿದ್ದು ಒಳ್ಳೆಯ ಕುರುಬನ ಕಥೆ. ಮರದ ಕುರುಬ, ಮರದ ಕುರಿಗಳು, ಒಂದು ಬೇಲಿ. ಕುರುಬ ಪ್ರತಿ ಕುರಿಯನ್ನೂ ಹೆಸರು ಹಿಡಿದು ಕರೆಯುತ್ತಾನೆ, ಕಳೆದುಹೋದದ್ದನ್ನು ಹುಡುಕಿ ತರುತ್ತಾನೆ. ಮಗು ತನ್ನ ಕೈಯಾರೆ ಕುರಿಗಳನ್ನು ಬೇಲಿಯೊಳಗೆ ಸೇರಿಸುತ್ತದೆ. ಪಾಪ, ಶಿಕ್ಷೆ, ನರಕ ಎಂಬ ಮಾತು ಆ ವಯಸ್ಸಿಗೆ ಇಲ್ಲ. ಒಳಿತು ಕೆಡುಕಿನ ವಿಚಾರ ಆರು ದಾಟಿದ ಮೇಲೆ ಸಾಕು ಎಂದರು ಅವರು. ಕುರುಬನ ಮೆಲಿನ ಆ ಪಾಠದಲ್ಲಿ ಕುರಿಗಳಿಗೆ ಹೆದರಿಸುವವರು ಯಾರೂ ಇಲ್ಲ.

ಈ ಮಾತನ್ನು ಇಲ್ಲಿಯ ಕೆಲವರು ಕಿವಿಗೆ ಹಾಕಿಕೊಂಡರೆ ಚೆನ್ನ. "ಸುಳ್ಳು ಹೇಳಿದರೆ ದೇವರು ಕಣ್ಣು ತೆಗೀತಾನೆ" ಎಂದು ಹೆದರಿಸುವ ಅಭ್ಯಾಸ ಯಾವ ಒಂದು ಮತದ ಸೊತ್ತೂ ಅಲ್ಲ. ಕಾನ್ವೆಂಟಿನಲ್ಲೂ ಉಂಟು, ಮನೆಯ ಅಜ್ಜಿಯ ಹತ್ತಿರವೂ ಉಂಟು. ಮೂರರ ಮಗುವಿಗೆ ಸುಳ್ಳು ನಿಜದ ಗಡಿಯೇ ಸರಿಯಾಗಿ ಗೊತ್ತಿರುವುದಿಲ್ಲ. ಇನ್ನೊಬ್ಬರ ತಲೆಯೊಳಗೆ ಇರುವುದು ಬೇರೆ, ತನ್ನ ತಲೆಯೊಳಗೆ ಇರುವುದು ಬೇರೆ ಎಂಬುದು ಹೊಳೆಯುವುದು ನಾಲ್ಕರ ಹೊತ್ತಿಗೆ. ಗೊಂಬೆ ಕಿತ್ತುಕೊಂಡ ಹುಡುಗನನ್ನು ಮೂಲೆಗೆ ನಿಲ್ಲಿಸಿ ಹತ್ತು ಸಲ "ಸಾರಿ" ಹೇಳಿಸಿದರೆ ಅವನಿಗೆ ಆ ಪದ ಬಾಯಿಪಾಠ ಆಗುತ್ತದೆ, ಅಷ್ಟೇ. ಅಳುವವಳ ಕೈಗೆ ಗೊಂಬೆ ವಾಪಸು ಕೊಡಿಸಿ, ಒಂದು ಲೋಟ ನೀರು ತಂದುಕೊಡು ಅಂದರೆ ಏನು ಮಾಡಬೇಕು ಎಂಬುದು ಗೊತ್ತಾಗುತ್ತದೆ.

ಹಬ್ಬಗಳ ಮಾತು ಬೇರೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಬರುವ ಮುಂಚೆ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಹಿಡಿದು ಬಾಲ ಮರಿಯಮ್ಮನಿಗೆ ಹಾಕುವುದು ಈ ಕರಾವಳಿಯ ಕ್ರೈಸ್ತರ ರೂಢಿ. ಹಬ್ಬದ ದಿನ ಹೊಸ ತೆನೆಗೆ ಆಶೀರ್ವಾದ, ಮಕ್ಕಳಿಗೆ ಕಬ್ಬು. ಮೂರು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಪಾಠ ಯಾವುದು ಬೇಕು? ದಾಸವಾಳ ಕೆಂಪು, ಸೇವಂತಿಗೆ ಹಳದಿ, ನಿನ್ನ ಬುಟ್ಟಿಯಲ್ಲಿ ಎಷ್ಟು, ನನ್ನದರಲ್ಲಿ ಎಷ್ಟು. ಹೂ ಕೊಯ್ಯುವಾಗ ಅಜ್ಜಿ, ಬತ್ತದ ತೆನೆ ತೋರಿಸುವಾಗ ಅಜ್ಜ. ಡಿಸೆಂಬರಿನಲ್ಲಿ ಗೋದಲಿ ಕಟ್ಟುವುದಕ್ಕೆ ಮೊದಲು ಕುಡಿಕೆಯಲ್ಲಿ ರಾಗಿ ಬಿತ್ತಿ ಮೊಳಕೆ ಬರಿಸುವ ಮನೆಗಳಿವೆ. ನರ್ಸರಿಯಲ್ಲೂ ಬಿತ್ತಿದರೆ ಮಕ್ಕಳು ದಿನಾ ಓಡಿ ಹೋಗಿ ನೋಡುತ್ತಾರೆ. ಕೆಲವರು ಬೇರು ಬಂತಾ ಎಂದು ಕಿತ್ತೂ ನೋಡುತ್ತಾರೆ. ಅದೂ ವಿಜ್ಞಾನವೇ.

ಬೇರೆ ಮತದ ತಾಯ್ತಂದೆಯರು ಇದನ್ನು ಹೇಗೆ ನೋಡುತ್ತಾರೆ? ಹೆಚ್ಚಿನವರು ತಲೆ ಕೆಡಿಸಿಕೊಂಡವರಲ್ಲ. ಕ್ರಿಸ್ಮಸ್ಸಿಗೆ ದೇವದೂತನ ರೆಕ್ಕೆ ಕಟ್ಟಿದ ಹುಡುಗನನ್ನೇ ಅಷ್ಟಮಿಗೆ ನವಿಲುಗರಿ ಸಿಕ್ಕಿಸಿ ಕೃಷ್ಣ ಮಾಡುವ ಊರು ಇದು. ಆದರೆ ಮನಸ್ಸಿಗೆ ಒಪ್ಪದವರೂ ಇದ್ದಾರೆ. ಅವರು ಅಂಜಿಕೊಂಡು ಸುಮ್ಮನಿರಬೇಕಾಗಿಲ್ಲ. ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಕೊಟ್ಟಿದೆ. ಹಾಗೆಯೇ ಸರಕಾರದ ಮಾನ್ಯತೆಯೋ ಅನುದಾನವೋ ಇರುವ ಸಂಸ್ಥೆಯಲ್ಲಿ, ಹೆತ್ತವರ ಒಪ್ಪಿಗೆ ಇಲ್ಲದೆ ಸಣ್ಣ ಮಕ್ಕಳನ್ನು ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ ಎಂದು 28ನೇ ವಿಧಿ ಹೇಳುತ್ತದೆ. ಎರಡೂ ಒಂದೇ ಪುಸ್ತಕದಲ್ಲಿ ಎರಡು ಪುಟದ ಅಂತರದಲ್ಲಿ ಉಂಟು. ಸೇರಿಸುವಾಗಲೇ ಸಿಸ್ಟರ್ ಹತ್ತಿರ ಕೂತು, ಯಾವ ಪ್ರಾರ್ಥನೆ, ಯಾವ ಕಥೆ ಎಂದು ಕೇಳುವುದು ಸೌಜನ್ಯದ ಮಾತೇ. ಸರಿಯಾದ ಸಂಸ್ಥೆ ಬೇಸರಿಸುವುದಿಲ್ಲ. ಬೇಸರಿಸಿದರೆ ಅದೂ ಒಂದು ಉತ್ತರ.

ವಯಸ್ಸಿನ ಲೆಕ್ಕ, ದುಡ್ಡಿನ ಲೆಕ್ಕ

ಅಂಗಡಿಯವರಿಗೆ ಲೆಕ್ಕ ಬೇಗ ಗೊತ್ತಾಗುತ್ತದೆ. ಜೂನ್ 1ಕ್ಕೆ 6 ವರ್ಷ ತುಂಬಿದವರಿಗೇ ಒಂದನೇ ಕ್ಲಾಸು ಎಂಬ ನಿಯಮ ರಾಜ್ಯದಲ್ಲಿ 2025-26ರಿಂದ ಎಂದಾಗಿತ್ತು. ತಾಯ್ತಂದೆಯರು ಗಲಾಟೆ ಎಬ್ಬಿಸಿದ ಮೇಲೆ ಆ ಒಂದು ವರ್ಷದ ಮಟ್ಟಿಗೆ ಯುಕೆಜಿ ಮುಗಿಸಿದವರಿಗೆ 5 ವರ್ಷ 5 ತಿಂಗಳು ಸಾಕು ಎಂದು ಸಡಿಲ ಮಾಡಿದರು. ಆರರಿಂದ ಹಿಂದಕ್ಕೆ ಎಣಿಸಿದರೆ ಯುಕೆಜಿಗೆ ಐದು, ಎಲ್‌ಕೆಜಿಗೆ ನಾಲ್ಕು, ನರ್ಸರಿಗೆ ಮೂರು. ಎರಡೂವರೆಗೇ ಓಡಿಸಿದರೆ ಮಗು ಎಲ್ಲೋ ಒಂದು ಕಡೆ ಒಂದು ವರ್ಷ ಕಾಯಲೇಬೇಕು. ಆ ವರ್ಷದ ಫೀಸೂ ಕೊಡಬೇಕು. ಆತುರಕ್ಕೆ ಬೆಲೆ ಉಂಟು ಎಂಬುದು ಇಲ್ಲಿ ರಶೀದಿ ಸಮೇತ ಗೊತ್ತಾಗುತ್ತದೆ.

ಕಾನೂನಿನಲ್ಲಿ ಒಂದು ದೊಡ್ಡ ತೂತೂ ಉಂಟು. ಕಡ್ಡಾಯ ಶಿಕ್ಷಣದ 2009ರ ಕಾಯಿದೆ 6ರಿಂದ 14 ವರ್ಷದವರಿಗೆ. ಮೂರರಿಂದ ಆರರವರಿಗೆ ಸರಕಾರ ವ್ಯವಸ್ಥೆ ಮಾಡಬಹುದು ಎಂದಿದೆಯೇ ಹೊರತು ಮಾಡಲೇಬೇಕು ಎಂದಿಲ್ಲ. ಈ ತೂತಿನೊಳಗೆ ನರ್ಸರಿಗಳು ಬೆಳೆದವು. ಒಳ್ಳೆಯವೂ ಬೆಳೆದವು, ಗ್ಯಾರೇಜಿನಲ್ಲಿ ನಾಲ್ಕು ಕುರ್ಚಿ ಹಾಕಿದವೂ ಬೆಳೆದವು.

ಸರಕಾರದ ಕಡೆಯಿಂದ ಇರುವುದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಯೋಜನೆ ಅದು. ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಹಾಲು, ಮೊಟ್ಟೆ, ಊಟ, ಚುಚ್ಚುಮದ್ದು, ತೂಕ ನೋಡುವುದು, ಆಟ, ಹಾಡು ಎಲ್ಲ ಅಲ್ಲಿ ಉಂಟು, ಪುಕ್ಕಟೆ. ಮಧ್ಯಮ ವರ್ಗದವರು ಅದರ ಮುಂದಿನಿಂದಲೇ ಆಟೋದಲ್ಲಿ ಮಗುವನ್ನು ಕಾನ್ವೆಂಟಿಗೆ ಕಳಿಸುತ್ತಾರೆ. ಅಂಗನವಾಡಿಯ ಅಕ್ಕನ ತಲೆಯ ಮೇಲೆ ಸರ್ವೆ, ರಿಜಿಸ್ಟರು, ಮೊಬೈಲ್ ಆ್ಯಪು ಎಂದು ಹೊರೆ ಹೊರಿಸಿ ಹಾಡು ಹೇಳುವುದಕ್ಕೆ ಹೊತ್ತೇ ಇಲ್ಲದ ಹಾಗೆ ಮಾಡಿದ್ದೂ ಇದಕ್ಕೆ ಒಂದು ಕಾರಣ.

ಎಲ್ಲಿಗೆ ಕಳಿಸಿದರೂ ನೋಡಬೇಕಾದದ್ದು ಕಟ್ಟಡವನ್ನಲ್ಲ. ಒಬ್ಬ ಟೀಚರಿಗೆ ಎಷ್ಟು ಮಕ್ಕಳು ಎಂದು ಎಣಿಸಬೇಕು. 2013ರ ರಾಷ್ಟ್ರೀಯ ನೀತಿ ಮೂರರಿಂದ ಆರರವರಿಗೆ ಇಪ್ಪತ್ತಕ್ಕೆ ಒಬ್ಬರು ಎಂದಿದೆ. ನಲವತ್ತೈದು ಮಕ್ಕಳನ್ನು ಒಂದು ಕೋಣೆಯಲ್ಲಿ ತುಂಬಿ ಒಬ್ಬ ಟೀಚರನ್ನು ಬಿಟ್ಟರೆ ಎಷ್ಟು ದೊಡ್ಡ ಸಂಸ್ಥೆಯಾದರೂ ಅಲ್ಲಿ ನಡೆಯುವುದು ಕಾವಲು, ಕಲಿಕೆಯಲ್ಲ. ಕಕ್ಕಸು ಮಗುವಿನ ಅಳತೆಗೆ ಉಂಟಾ, ನೀರು ಉಂಟಾ, ಚಡ್ಡಿ ಒದ್ದೆಯಾದರೆ ಬೈಯದೆ ಬದಲಾಯಿಸುವವರು ಉಂಟಾ? ಮೂರರ ಮಗುವಿನ ಮಾನ ಅಲ್ಲಿ ಉಂಟು. ಇನ್ನು ಟೀಚರುಗಳ ಸಂಬಳ. ಈ ವಯಸ್ಸಿನವರನ್ನು ನೋಡಿಕೊಳ್ಳುವವರಿಗೆ ಎಲ್ಲ ಟೀಚರುಗಳಿಗಿಂತ ಕಡಿಮೆ ಕೊಡುವುದು ಬಹಳ ಕಡೆ ನಡೆದುಬಂದ ಕ್ರಮ. ಸೇವೆ ಎಂಬ ಪದ ಕ್ರೈಸ್ತ ಸಂಸ್ಥೆಗಳಲ್ಲಿ ದೊಡ್ಡ ಪದ. ಸಿಸ್ಟರ್‌ಗಳು ಮಠದಲ್ಲಿ ಇರುವವರು, ಅವರಿಗೆ ಅದು ಸಾಕು. ಆದರೆ ಬಾಡಿಗೆ ಮನೆಯಿಂದ ಬಸ್ಸು ಹತ್ತಿ ಬರುವ ಟೀಚರಮ್ಮನಿಗೆ ಸೇವೆಯ ಮಾತು ಹೇಳಿ ಕಡಿಮೆ ಸಂಬಳ ಕೊಟ್ಟರೆ, ಇನ್ನು ನೂರು ರೂಪಾಯಿ ಹೆಚ್ಚು ಸಿಕ್ಕಿದ ಕಡೆ ಆಕೆ ಹೋಗುತ್ತಾರೆ. ಮಕ್ಕಳು ಮತ್ತೆ ಹೊಸ ಮುಖ ಕಂಡು ಅಳುತ್ತಾರೆ.

ಮನೆಯವರ ಪಾಲು ಎಂಬುದೂ ಉಂಟು. ಮೂರು ನಾಲ್ಕು ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ, ಮೂರು ಗಂಟೆ ಓಡಾಟ ಬೇಕು, ಟಿವಿ ಮೊಬೈಲು ಒಂದು ಗಂಟೆ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಅಂಗಡಿ ಬಾಗಿಲು ಹಾಕಿ ಅಪ್ಪ ಮನೆಗೆ ಬರುವಾಗ ರಾತ್ರಿ ಒಂಬತ್ತೂವರೆ. ಆ ತನಕ ಮೊಬೈಲು ಹಿಡಿದು ಎಚ್ಚರ ಇರುವ ಮಗು ಬೆಳಿಗ್ಗೆ ಎಂಟಕ್ಕೆ ಯೂನಿಫಾರ್ಮು ಹಾಕಿದಾಗಲೇ ಅರೆನಿದ್ದೆಯಲ್ಲಿ ಇರುತ್ತದೆ. ಕ್ಲಾಸಿನಲ್ಲಿ ಮಂಕಾಗಿ ಕೂತಿದೆ ಎಂದು ಟೀಚರು ದೂರಿದರೆ ಶಾಲೆ ಬದಲಾಯಿಸುವ ಮಾತು ಬರುತ್ತದೆ. ಬದಲಾಯಿಸಬೇಕಾದದ್ದು ಮಲಗುವ ಹೊತ್ತನ್ನು.

ಹನ್ನೆರಡೂವರೆಗೆ ಗಂಟೆ ಹೊಡೆಯುತ್ತದೆ. ಗೇಟು ತೆರೆಯುತ್ತದೆ. ಬೆಳಿಗ್ಗೆ ಸೆರಗು ಬಿಡದೆ ಅತ್ತವರೇ ಈಗ ಸಿಸ್ಟರ ಕೈ ಬಿಡುವುದಿಲ್ಲ. ಸ್ಟೇಟ್ ಬ್ಯಾಂಕ್ ಕಡೆ ಹೋಗುವ ಸಿಟಿ ಬಸ್ಸಿನಲ್ಲಿ ಅಮ್ಮನ ಮಡಿಲೇರಿದ ಒಂದು ಮಗು ಡಬ್ಬಿ ತೆರೆದು ಉಳಿದ ದೋಸೆ ಚೂರನ್ನು ಪಕ್ಕದ ಸೀಟಿನ ಅಪರಿಚಿತ ಅಜ್ಜನ ಮುಂದೆ ಹಿಡಿಯುತ್ತದೆ. ಅಜ್ಜ ಬೇಡ ಎನ್ನುತ್ತಾರೆ. ಮಗು ಕೈ ಹಿಂದೆ ತೆಗೆಯುವುದಿಲ್ಲ. ಕೊನೆಗೆ ಅಜ್ಜ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. "ಇವತ್ತು ಎಂತ ಬರೆಸಿದ್ರು ಮಗಾ?" ಎಂದು ಅಮ್ಮ ಕೇಳುತ್ತಾಳೆ.